ಗೀಟು

ಭಾಂಡುಪಿನ ಆ ಖೋಲಿಯಲ್ಲಿ ನಾವು ಮೂವರು,
ಗೋಡೆಗೆ ಹೊಡೆದ ಹಲಗೆ ಒಂದೇ,
ಅದರ ಮೇಲೆ ಮೂರು ಊರಿನ ಜಿಡ್ಡು.

ಗುಣಾಜಿಯ ಕೊಬ್ಬರಿ ಎಣ್ಣೆ, ಸಣ್ಣ ಕತ್ತಿನ ಬಾಟಲಿ.
ಸೋಗಾರಥನ ಸಾಸಿವೆ ಎಣ್ಣೆ,
ಮೂಗಿಗೆ ಹೊಡೆಯುವ ಹಳದಿ, ಎಂಥ ಚಳಿಗೂ ಬಗ್ಗದ್ದು.
ನನ್ನದು ಎಮ್ಮೆಯ ತುಪ್ಪ,
ಜಮಖಂಡಿಯಿಂದ ಚಿಗವ್ವ ಕಾಸಿ ಕಳಿಸಿದ್ದು.
ಹಾರ್ಲಿಕ್ಸ್ ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ಕು, ಮೇಲೆ ಮುಚ್ಚಳ,
ಮುಚ್ಚಳಕ್ಕೆ ಹಳೆ ಸೀರೆಯಂಚಿನ ಗಂಟು.
ಹಿಂದೆಯೇ ಫೋನಿನಲ್ಲಿ ಕಟ್ಟಳೆ:

"ಹಸಿ ಚಮಚ ಅದ್ದಬ್ಯಾಡ, ಬೂಷ್ಟ ಹಿಡೀತದ.
ಒಲಿ ಮಗ್ಗಲಕ ಇಡಬ್ಯಾಡ, ಕಮಟು ಬರ್ತದ.
ಫ್ರಿಜ್ಜಿನಾಗಂತೂ ಬ್ಯಾಡೇ ಬ್ಯಾಡ,
ಕಲ್ಲಾದ ತುಪ್ಪಕ್ಕ ವಾಸನಿ ಇರಂಗಿಲ್ಲ."
ಫ್ರಿಜ್ಜು ನಮ್ಮಲ್ಲಿ ಇರಲೇ ಇಲ್ಲ. ಅದನ್ನು ಹೇಳಲಿಲ್ಲ.

ನಾನು ಪೆಟ್ರೋಲ್ ಪಂಪಿನವನು.
ದಿನಾ ನೆಲದ ಟಾಕಿಗೆ ಅಳತೆಗೋಲು ಇಳಿಸಿ
ಎಲ್ಲಿಯವರೆಗೆ ಒದ್ದೆಯೆಂದು ನೋಡಿ ಬರೆಯುತ್ತೇನೆ.
ಆ ಚಟವೇ ಇರಬೇಕು,
ತುಪ್ಪ ಇನ್ನೂ ಎಣ್ಣೆಯಂತೆ ತೆಳ್ಳಗಿದ್ದಾಗಲೇ
ಮಾರ್ಕರ್ ಪೆನ್ನಿನಿಂದ ಮಟ್ಟಕ್ಕೆ ಸರಿಯಾಗಿ
ಕರಿ ಗೀಟು ಎಳೆದೆ.
ತಿಂದಾಗಲೆಲ್ಲ ಇನ್ನೊಂದು.
ಬಾಟಲಿಗೆ ಏಣಿ ಮೂಡಿತು.

ಮುಂಬಯಿಗೆ ಚಳಿ ನೆಂಟರ ಹಾಗೆ,
ಚೀಲ ಇಳಿಸುವ ಮೊದಲೇ ಹೊರಟು ನಿಲ್ಲುತ್ತದೆ.
ಆ ವರ್ಷ ಒಂಬತ್ತು ದಿನ ಉಳಿಯಿತು.
ಗುಣಾಜಿಯ ಎಣ್ಣೆ ರಾತ್ರೋರಾತ್ರಿ ಮೇಣದ ಬತ್ತಿ;
ಕಿಟಕಿಯ ಸರಳಿನ ನಡುವೆ ಅದನ್ನು ಬಿಸಿಲಿಗಿಟ್ಟು
ಒದ್ದೆ ತಲೆಯಲ್ಲಿ ಕಾಯುತ್ತ ನಿಲ್ಲುತ್ತಿದ್ದ.
ನನ್ನದು ಹೆರೆದುಪ್ಪವಾಯಿತು.
ಮೊದಲು ತಳದಲ್ಲಿ ಒಂದೆರಡು ಹರಳು,
ಆಮೇಲೆ ಸಣ್ಣ ರವೆ, ಮಬ್ಬು, ಕೊನೆಗೆ ಬಿಳಿ.
ನಾಲಗೆಗಿಟ್ಟರೆ ಕೂಡಲೇ ಒಪ್ಪದೆ
ಕಾಳು ಕಾಳಾಗಿ ಕರಗುವ ಬಿಗುಮಾನ.

ಐದನೆಯ ಬೆಳಗ್ಗೆ ನೋಡುತ್ತೇನೆ,
ಕೊನೆಯ ಗೀಟಿನಿಂದ ಕಿರುಬೆರಳಗಲ ಕೆಳಗಿದೆ ತುಪ್ಪ,
ನಡುವೆ ಒಂದು ಗುಳಿ,
ಯಾರೋ ಚಮಚದಲ್ಲಿ ಗೋರಿದ ಹಾಗೆ.

ಗುಣಾಜಿ ನೈಟ್ ಶಿಫ್ಟು. ಉಳಿದವನು ಒಬ್ಬನೇ.

ನಾನು ಕೂಗಾಡಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.
ಬಾಟಲಿಯನ್ನು ಬೆಳಕಿಗೆ ಹಿಡಿದು
"ಬೆಕ್ಕು ಬಂದಿತ್ತೇನು" ಎಂದೆ, ಗೋಡೆಗೆ, ಹಿಂದಿಯಲ್ಲಿ.
ಸೋಗಾರಥನ ಲಟ್ಟಣಿಗೆ ನಿಂತಿತು.
ಗೀಟು ನೋಡಿದ, ನನ್ನನ್ನು ನೋಡಿದ,
ಹಿಟ್ಟಿನ ಕೈ ಒರೆಸಿಕೊಂಡು
ತನ್ನ ಸಾಸಿವೆ ಎಣ್ಣೆಯನ್ನು ಹಲಗೆಯಿಂದಿಳಿಸಿ
ಟ್ರಂಕಿನ ಪಕ್ಕ ಇಟ್ಟುಕೊಂಡ.
ಅರ್ಧ ಲಟ್ಟಿಸಿದ ರೊಟ್ಟಿ ಹಾಗೇ ಒಣಗಿತು.

ಸಂಬಳದ ಮರುದಿನ ನಾಲಾಸೋಪಾರಕ್ಕೆ ಹೋದನೆಂದು ಗುಣಾಜಿ ಹೇಳಿದ.
ತುಪ್ಪ ತಿನ್ನಲು ನನಗೂ ಮನಸ್ಸಾಗಲಿಲ್ಲ.
ಸಾಕ್ಷಿ ಎಂಬಂತೆ ಪಂಚೆಯಲ್ಲಿ ಸುತ್ತಿ
ಮಂಚದ ಕೆಳಗೆ ತಳ್ಳಿದೆ.

ಏಪ್ರಿಲ್ಲಿನ ಒಂದು ಮಧ್ಯಾಹ್ನ, ಪಂಚೆ ಬೇಕಾಗಿ ಬಿಚ್ಚಿದೆ.
ಬಂಗಾರದ ನೀರಾಗಿ ಎದ್ದು ನಿಂತಿತ್ತು ತುಪ್ಪ,
ಗೀಟಿಗೆ ಸರಿಯಾಗಿ.
ಇಲ್ಲ, ಕೂದಲೆಳೆಯಷ್ಟು ಮೇಲೇ.

ಪಂಪಿನ ಫಲಕದ ಮೇಲೆ ಸುಣ್ಣದ ಕಡ್ಡಿಯಲ್ಲಿ ನಾನೇ ಬರೆಯುತ್ತೇನೆ,
ಇವತ್ತಿನ ಉಷ್ಣಾಂಶ, ಇವತ್ತಿನ ಸಾಂದ್ರತೆ.
ಕಾದದ್ದು ಹಿಗ್ಗುತ್ತದೆ ಸಾಹೇಬರೇ, ತಣಿದದ್ದು ಕುಗ್ಗುತ್ತದೆ,
ಬೆಳಗ್ಗೆಯೇ ಹಾಕಿಸಿಕೊಳ್ಳಿ,
ಎಷ್ಟು ಗಿರಾಕಿಗಳಿಗೆ ಹೇಳಿದ್ದೇನೆ.

ಚಿಗವ್ವ ನಕ್ಕಳು.
"ಹೆಪ್ಪಾದ್ರ ನಡುಕ ಕುಸೀತದಲ್ಲೋ ಹುಚ್ಚಾ,
ಅದಕ್ಯಾರ ಗೀಟ ಹಾಕ್ತಾರ?"

ಸೋಗಾರಥನ ನಂಬರು ಚಾಲ್ತಿಯಲ್ಲಿಲ್ಲ.

ಮಾರ್ಕರಿನ ಗೀಟು ನೀರಿಗೆ ಹೋಗುವುದಿಲ್ಲ, ಸಾಬೂನಿಗೂ ಇಲ್ಲ;
ಗುಣಾಜಿ ಹತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ ಕೊಟ್ಟ.
ಒಂದೊಂದೇ ಮೆಟ್ಟಿಲು ಅಳಿಸಿದೆ.

ಹಲಗೆಯ ಮೇಲೆ ಮಾತ್ರ
ಸಾಸಿವೆ ಎಣ್ಣೆಯ ಬಾಟಲಿ ಕೂತಲ್ಲಿ
ಜಿಡ್ಡಿನ ಬಳೆಯೊಂದು ಮರಕ್ಕೆ ಇಳಿದಿದೆ.
ತುಪ್ಪವನ್ನು ಈಗ ಅದರೊಳಗೇ ಇಡುತ್ತೇನೆ.
ನನ್ನ ಬಾಟಲಿ ಸಣ್ಣದು,
ಸುತ್ತ ಇನ್ನೂ ಜಾಗ ಉಳಿಯುತ್ತದೆ.